ಮತ ಹಾಕೋದು ನಾವೇ, ಹಾಕಿಸೋದು ಯಾರು? ಜಾತಿ, ಮನೆ, ಟಿವಿ, ವಾಟ್ಸಾಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂತೆಂದರೆ ನನಗೆ ಅದೇ ಪ್ರಶ್ನೆಗಳು ಎದುರಾಗುತ್ತವೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಪತ್ರಗಳಲ್ಲಿ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಕೂಡಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು. ಸುಲಭದ ಪ್ರಶ್ನೆ ಮೊದಲು, ತಲೆ ತಿನ್ನುವವು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ನಾನು ಯಾರ ಮಾತೂ ಕೇಳಲ್ಲ. ಪ್ರಭಾವ ಗಿಭಾವ ಅನ್ನೋದೆಲ್ಲ ಸುಮ್ನೆ ಅಲ್ವಾ?

ಗುಂಡಿ ಒತ್ತುವಾಗ ನೀವೊಬ್ಬರೇ ಇರುತ್ತೀರಿ, ನಿಜ. ಆದರೆ ಅಲ್ಲಿಗೆ ಬರುವ ಮುಂಚೆ ಒಂದು ಮನೆಯಲ್ಲಿ ಬೆಳೆದಿದ್ದೀರಿ, ಒಂದು ಕೇರಿಯಲ್ಲಿ ಓಡಾಡಿದ್ದೀರಿ, ಸಾವಿರ ಮಾತು ಕೇಳಿದ್ದೀರಿ.

ಅಮೆರಿಕದ ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ 1940ರಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಅವರ ಜೊತೆಗಾರರು ಸುಮಾರು 600 ಮತದಾರರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಳು ಜನರ ಮನಸ್ಸನ್ನು ಹೇಗೆ ತಿರುಗಿಸುತ್ತವೆ ಎಂದು ನೋಡುವುದು ಅವರ ಉದ್ದೇಶ. ಕಂಡದ್ದು ಬೇರೆಯೇ. ಪಕ್ಷ ಬದಲಿಸಿದವರು ಬಹಳ ಕಡಿಮೆ. ಹೆಚ್ಚಿನವರಿಗೆ ಪ್ರಚಾರದಿಂದ ಮೊದಲೇ ಇದ್ದ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿತ್ತು, ಅಷ್ಟೆ. ಜನ ಪತ್ರಿಕೆಗಿಂತ ಮನೆಯವರನ್ನು, ಗೆಳೆಯರನ್ನು, ಜೊತೆಯಲ್ಲಿ ಕೆಲಸ ಮಾಡುವವರನ್ನು ನಂಬಿದ್ದರು. ಸುದ್ದಿಯನ್ನು ಗಮನವಿಟ್ಟು ಓದಿ ಉಳಿದವರಿಗೆ ಹೇಳುವ ಕೆಲವರು ನಡುವೆ ಇದ್ದರು.

ಆ ಕೆಲವರನ್ನು ನೀವೂ ನೋಡಿದ್ದೀರಿ. ಹೋಟೆಲಿನಲ್ಲಿ ಪೇಪರ್ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಓದುವವರು, ಹಾಲಿನ ಡೈರಿ ಮುಂದೆ ನಿಂತು ವಿಶ್ಲೇಷಣೆ ಮಾಡುವವರು, ಸ್ತ್ರೀಶಕ್ತಿ ಸಂಘದಲ್ಲಿ ಎಲ್ಲರೂ ಕಿವಿಗೊಡುವ ಆ ಒಬ್ಬ ಅಕ್ಕ.

ಜನ ಜಾತಿ ನೋಡಿಯೇ ಮತ ಹಾಕ್ತಾರಾ?

ನೋಡುತ್ತಾರೆ. ಆದರೆ ಅದನ್ನೊಂದನ್ನೇ ನೋಡುತ್ತಾರೆ ಅಂದರೆ ಲೆಕ್ಕ ತಪ್ಪುತ್ತದೆ. ನನ್ನ ಪ್ರಕಾರ ಜಾತಿ ತೀರ್ಮಾನಿಸುವುದು ಮತಕ್ಕಿಂತ ಹೆಚ್ಚಾಗಿ ಟಿಕೆಟನ್ನು. ಒಂದು ಕ್ಷೇತ್ರದಲ್ಲಿ ಒಂದು ಸಮುದಾಯದ ಸಂಖ್ಯೆ ಜಾಸ್ತಿ ಇದ್ದರೆ ಎಲ್ಲ ಪಕ್ಷಗಳೂ ಅದೇ ಸಮುದಾಯದವರನ್ನು ನಿಲ್ಲಿಸುತ್ತವೆ. ಆಮೇಲೆ ಮತದಾರ ಜಾತಿ ನೋಡಿ ಆರಿಸುವುದಾದರೂ ಯಾರನ್ನು?

2023ರಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಆದದ್ದು ಅದೇ. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಟಿಕೆಟ್ ಸಿಗದೆ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದರು. ಎದುರು ನಿಂತ ಮಹೇಶ ಟೆಂಗಿನಕಾಯಿ ಕೂಡ ಲಿಂಗಾಯತರೇ. ಶೆಟ್ಟರ್ ಸೋತರು. ಅದೇ ಚುನಾವಣೆಯಲ್ಲಿ ಅದೇ ರೀತಿ ಪಕ್ಷ ಬಿಟ್ಟು ಬಂದ ಲಕ್ಷ್ಮಣ ಸವದಿ ಅಥಣಿಯಲ್ಲಿ ಗೆದ್ದರು. ಹುಬ್ಬಳ್ಳಿಯ ಜನ ಪಕ್ಷದ ಜೊತೆ ನಿಂತರು, ಅಥಣಿಯ ಜನ ಮನುಷ್ಯನ ಜೊತೆ. ಜಾತಿಯೊಂದೇ ಲೆಕ್ಕವಾಗಿದ್ದರೆ ಇವೆರಡನ್ನೂ ಹೇಗೆ ವಿವರಿಸುವುದು?

ಇನ್ನು ಸ್ವಂತ ಜಾತಿಯ ಮತ ಬೆರಳೆಣಿಕೆಯಷ್ಟಿದ್ದೂ ನಾಯಕರಾದವರ ಸಾಲೇ ನಮ್ಮಲ್ಲಿದೆ. ದೇವರಾಜ ಅರಸು, ರಾಮಕೃಷ್ಣ ಹೆಗಡೆ, ಜೇವರ್ಗಿಯಿಂದ ಮತ್ತೆ ಮತ್ತೆ ಗೆದ್ದ ಧರ್ಮಸಿಂಗ್. ಮೀಸಲು ಕ್ಷೇತ್ರಗಳ ಕಥೆಯೂ ಹಾಗೇ. 224ರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ. ಅಲ್ಲಿ ಮುಖ್ಯ ಅಭ್ಯರ್ಥಿಗಳೆಲ್ಲ ಆ ವರ್ಗದವರೇ ಆದ್ದರಿಂದ ಎಷ್ಟೋ ಸಲ ಉಳಿದ ಸಮುದಾಯಗಳೇ ಸೋಲು ಗೆಲುವು ತೀರ್ಮಾನಿಸುತ್ತವೆ.

'ವೋಟ್ ಬ್ಯಾಂಕ್' ಅನ್ನೋ ಮಾತು ಎಲ್ಲಿಂದ ಬಂತು?

ಮೈಸೂರಿನ ಹತ್ತಿರದ ಒಂದು ಹಳ್ಳಿಯಿಂದ! ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಕೊಡಗಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1955ರ ಲೇಖನದಲ್ಲಿ ಈ ಮಾತು ಬರುತ್ತದೆ. ಆದರೆ ಅವರು ಹೇಳಿದ್ದು ಒಂದು ಸಮುದಾಯದ ಬಗ್ಗೆ ಅಲ್ಲ. ಊರ ಗೌಡನಂಥ ಒಬ್ಬ ದೊಡ್ಡ ಮನುಷ್ಯ, ಅವನ ಗೇಣಿದಾರರು, ಸಾಲ ತೆಗೆದುಕೊಂಡವರು, ಹಂಗಿನಲ್ಲಿರುವವರು. ಅವರ ಮತಗಳು ಅವನ ಕೈಯಲ್ಲಿ ಠೇವಣಿಯಂತೆ ಇರುತ್ತಿದ್ದವು. ಅಭ್ಯರ್ಥಿ ಅವನೊಬ್ಬನನ್ನು ಒಲಿಸಿಕೊಂಡರೆ ಸಾಕಿತ್ತು.

1974ರ ಭೂಸುಧಾರಣೆಯಲ್ಲಿ ಗೇಣಿದಾರ ಭೂಮಿಯ ಒಡೆಯನಾದ ಮೇಲೆ, ಹಾವನೂರು ಆಯೋಗದ ವರದಿಯಿಂದ ಹಿಂದುಳಿದವರ ಮಕ್ಕಳಿಗೆ ಓದು, ನೌಕರಿ ಸಿಕ್ಕ ಮೇಲೆ ಆ ಠೇವಣಿ ಕರಗತೊಡಗಿತು. ಈಗ ಟಿವಿಯಲ್ಲಿ ಇಡೀ ಸಮುದಾಯವನ್ನೇ ವೋಟ್ ಬ್ಯಾಂಕ್ ಅನ್ನುತ್ತಾರಲ್ಲ, ಆ ಅರ್ಥ ಆಮೇಲೆ ಹುಟ್ಟಿದ್ದು.

ಮನೆಯವರೆಲ್ಲ ಒಂದೇ ಪಕ್ಷಕ್ಕೆ ಹಾಕಬೇಕು ಅಂತ ಅಪ್ಪ ಹೇಳ್ತಾರೆ. ನಾನು ಬೇರೆಯವರಿಗೆ ಹಾಕಿದ್ರೆ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಯಾರಿಗೆ ಹಾಕಿದಿರಿ ಎಂದು ತೋರಿಸುವ ವಿವಿಪ್ಯಾಟ್ ಚೀಟಿ 7 ಸೆಕೆಂಡ್ ನಿಮಗೆ ಮಾತ್ರ ಕಾಣುತ್ತದೆ, ಆಮೇಲೆ ಡಬ್ಬಿಯೊಳಗೆ ಬೀಳುತ್ತದೆ. ಅದರಲ್ಲಿ ನಿಮ್ಮ ಹೆಸರಿಲ್ಲ.

ಆದರೆ ನಿಮ್ಮ ಬೂತ್ ಯಾರಿಗೆ ಎಷ್ಟು ಹಾಕಿತು ಎನ್ನುವುದು ಗುಟ್ಟಲ್ಲ. ಫಲಿತಾಂಶದ ನಮೂನೆ 20ರಲ್ಲಿ ಬೂತ್ ಪ್ರಕಾರ ಲೆಕ್ಕ ಸಿಗುತ್ತದೆ. ಸಣ್ಣ ಊರಿಗೆ ಒಂದೇ ಬೂತ್ ಇದ್ದರೆ ಊರಿನ ಮನಸ್ಸು ಬಯಲು. 'ನಿಮ್ಮೂರು ನಮಗೆ ಲೀಡ್ ಕೊಡಲಿಲ್ಲ, ರಸ್ತೆ ಯಾಕೆ ಕೇಳ್ತೀರಿ?' ಅನ್ನುವ ಮಾತು ಹುಟ್ಟುವುದು ಇಲ್ಲೇ. ಹಿಂದೆ ಮತಪತ್ರಗಳನ್ನು ಬೆರೆಸಿ ಎಣಿಸಬಹುದಿತ್ತು. ಯಂತ್ರ ಬಂದ ಮೇಲೆ ಆ ಮರೆ ಹೋಯಿತು. ಹಲವು ಬೂತ್‌ಗಳ ಮತವನ್ನು ಒಟ್ಟಿಗೆ ತೋರಿಸುವ ಟೋಟಲೈಸರ್ ಎಂಬ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತದಾರನ ಮೇಲಿನ ಒತ್ತಡದ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಇದರ ಬಗ್ಗೆ ಮಾತಾಡುವುದೇ ಇಲ್ಲ, ನನಗೆ ಅದೇ ಬೇಜಾರು.

ಹೆಂಗಸರು ಗಂಡ ಹೇಳಿದವರಿಗೇ ಹಾಕ್ತಾರೆ ಅಂತಾರಲ್ಲ, ನಿಜಾನಾ?

ಹಾಗಿದ್ದರೆ ಪಕ್ಷಗಳು ಹೆಂಗಸರನ್ನೇ ಗುರಿಯಾಗಿಟ್ಟು ಇಷ್ಟು ದುಡ್ಡು ಸುರಿಯುತ್ತಿರಲಿಲ್ಲ. 2019 ಮತ್ತು 2024ರ ಲೋಕಸಭಾ ಚುನಾವಣೆಗಳಲ್ಲಿ ದೇಶದಾದ್ಯಂತ ಹೆಂಗಸರ ಮತದಾನದ ಪ್ರಮಾಣ ಗಂಡಸರಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಕರ್ನಾಟಕದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬೀಳುತ್ತದೆ, ಗಂಡನ ಖಾತೆಗಲ್ಲ. ಶಕ್ತಿ ಯೋಜನೆಯ ಉಚಿತ ಬಸ್ಸೂ ಹೆಂಗಸರಿಗೇ. ಹಾಗಂತ ದುಡ್ಡು ಬಂದ ತಕ್ಷಣ ಮತ ಬಂದೇ ಬರುತ್ತದೆ ಅಂತಲ್ಲ. ಈ ಯೋಜನೆಗಳು ಜಾರಿಯಾದ ಮೇಲೆ ನಡೆದ 2024ರ ಚುನಾವಣೆಯಲ್ಲಿ ಕಾಂಗ್ರೆಸ್ 1 ಸ್ಥಾನದಿಂದ 9ಕ್ಕೆ ಏರಿತು. 28ರಲ್ಲಿ 9.

ಗಂಡ ಹೇಳಿದ್ದಕ್ಕೆ 'ಹೂಂ' ಅನ್ನುವುದು ಬೇರೆ, ಒಳಗೆ ಹೋಗಿ ಗುಂಡಿ ಒತ್ತುವುದು ಬೇರೆ.

ಬೆಂಗಳೂರಿನವರು ಓದಿದವರು. ಆದ್ರೂ ಯಾಕೆ ಮತ ಹಾಕಲ್ಲ?

2023ರಲ್ಲಿ ರಾಜ್ಯದ ಮತದಾನ ಶೇ 73 ದಾಟಿದರೆ ಬೆಂಗಳೂರು ಶೇ 54ರ ಆಸುಪಾಸಿನಲ್ಲಿ ನಿಂತಿತು. ಸೋಮಾರಿತನ ಒಂದು ಕಾರಣ, ಇಲ್ಲ ಅನ್ನಲ್ಲ. ಆದರೆ ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೇ ಬಡಾವಣೆಯ ಪಟ್ಟಿಯಲ್ಲೇ ಉಳಿದಿರುತ್ತದೆ. ಕೆಲವರ ಹೆಸರು ಇಲ್ಲೂ ಇದೆ, ಊರಲ್ಲೂ ಇದೆ. ಅವರು ಊರಿಗೆ ಹೋಗಿ ಹಾಕುತ್ತಾರೆ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಮಾತು. ಹಳ್ಳಿಯಲ್ಲಿ ನೀವು ಬೂತಿಗೆ ಬರದಿದ್ದರೆ ಯಾರಾದರೂ ಮನೆ ಬಾಗಿಲಿಗೆ ಬಂದು ಕರೆಯುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿರಲ್ಲ.

ದುಡ್ಡು, ಕುಕ್ಕರ್ ಕೊಟ್ಟರೆ ಮತ ಬೀಳುತ್ತಾ?

ಕೊಟ್ಟರೆ ಬೀಳುತ್ತದೆ ಅನ್ನುವ ಗ್ಯಾರಂಟಿ ಕೊಡುವವರಿಗೂ ಇಲ್ಲ. ಎರಡೂ ಕಡೆಯಿಂದ ತೆಗೆದುಕೊಂಡು ತಮಗೆ ಬೇಕಾದವರಿಗೆ ಹಾಕುವವರು ಬೇಕಾದಷ್ಟು ಜನ. ಹಾಗಾದರೆ ಯಾಕೆ ಕೊಡುತ್ತಾರೆ? ಎದುರಾಳಿ ಕೊಡುತ್ತಾನೆ ಎಂಬ ಹೆದರಿಕೆಗೆ. ಕೊಡದಿದ್ದರೆ 'ಇವನು ಜಿಪುಣ, ನಾಳೆ ಕೆಲಸಕ್ಕೆ ಬರಲ್ಲ' ಅನ್ನುವ ಹೆಸರು ಬರುತ್ತದೆ. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ ಕಾನೂನಿನ ಪ್ರಕಾರ 40 ಲಕ್ಷ ರೂಪಾಯಿ. ಇದನ್ನು ಓದಿ ನೀವು ನಕ್ಕಿದ್ದರೆ ನಾನೇನೂ ಹೇಳಲಾರೆ. ಅಂದಹಾಗೆ, ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ.

## ಪೇಪರ್, ಟಿವಿ, ಮೊಬೈಲ್

ಟಿವಿ ಚಾನೆಲ್ ನೋಡಿ ಜನ ಮನಸ್ಸು ಬದಲಾಯಿಸ್ತಾರಾ?

ಯಾರಿಗೆ ಮತ ಹಾಕಬೇಕು ಎಂದು ಟಿವಿ ಹೇಳಿದರೆ ನಾವು ಚಾನೆಲ್ ಬದಲಿಸುತ್ತೇವೆ. ಆದರೆ ಯಾವುದರ ಬಗ್ಗೆ ಮಾತಾಡಬೇಕು ಎಂದು ಅದು ಹೇಳಿದಾಗ ನಮಗೆ ಗೊತ್ತಾಗುವುದೇ ಇಲ್ಲ. 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಇನ್ನೂ ತೀರ್ಮಾನ ಮಾಡಿರದ 100 ಮತದಾರರನ್ನು ಮಾತಾಡಿಸಿದರು. ಅವರು ಮುಖ್ಯ ಅಂದುಕೊಂಡ ವಿಷಯಗಳೂ ಮಾಧ್ಯಮಗಳು ಎತ್ತಿ ತೋರಿಸುತ್ತಿದ್ದ ವಿಷಯಗಳೂ ಹೆಚ್ಚು ಕಡಿಮೆ ಒಂದೇ ಆಗಿದ್ದವು.

2023ರ ಏಪ್ರಿಲ್ ನೆನಪಿಸಿಕೊಳ್ಳಿ. ಅಮುಲ್ ತನ್ನ ಹಾಲು, ಮೊಸರು ಬೆಂಗಳೂರಿಗೆ ಬರುತ್ತದೆ ಎಂದು ಟ್ವೀಟ್ ಮಾಡಿತು. ಮರುದಿನದಿಂದ ನಂದಿನಿಯೇ ಚುನಾವಣಾ ವಿಷಯ. ಅದಕ್ಕೂ ಮುಂಚೆ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇಸಿಎಂ' ಪೋಸ್ಟರ್ ಕಾಣಿಸಿತು. ಕ್ಯುಆರ್ ಕೋಡ್, ನಡುವೆ ಮುಖ್ಯಮಂತ್ರಿಯ ಮುಖ. ಸರ್ಕಾರಿ ಕಾಮಗಾರಿಗೆ ಶೇ 40 ಕಮಿಷನ್ ಕೇಳುತ್ತಾರೆ ಎಂಬ ಆರೋಪವನ್ನು ಗುತ್ತಿಗೆದಾರರ ಸಂಘ ಅದಕ್ಕೂ ಮೊದಲೇ ಪತ್ರ ಬರೆದು ಮಾಡಿತ್ತು. ಆದರೆ ಪತ್ರದಲ್ಲಿದ್ದ ಆರೋಪ ಚಹಾ ಅಂಗಡಿಯ ಜೋಕ್ ಆದದ್ದು ಆ ಪೋಸ್ಟರಿನಿಂದ. ಒಂದು ಆರೋಪ ಜೋಕ್ ಆಯಿತೆಂದರೆ ಅದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ.

ಟಿವಿ ಇಲ್ಲದ ಕಾಲದಲ್ಲಿ ಸರ್ಕಾರಗಳು ಬೀಳ್ತಿರಲಿಲ್ವಾ?

1983ರ ಜನವರಿಯಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಆಗ ಹಳ್ಳಿಗಳಲ್ಲಿ ಟಿವಿ ಎಲ್ಲಿತ್ತು? 1980ರಲ್ಲಿ ನರಗುಂದ, ನವಲಗುಂದದ ರೈತ ಹೋರಾಟ ಮತ್ತು ಗೋಲಿಬಾರ್. 1982ರಲ್ಲಿ ಗೋಕಾಕ್ ಚಳವಳಿ, ರಾಜಕುಮಾರ್ ಊರೂರಿಗೆ ಹೋದಾಗ ಸೇರಿದ ಜನಸಾಗರ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ವಾರ ವಾರ ಗುಂಡೂರಾವ್ ಸರ್ಕಾರದ ಮೇಲೆ ಹರಿಹಾಯುತ್ತಿತ್ತು. ಒಂದು ಪ್ರತಿ ಎಷ್ಟೋ ಕೈ ದಾಟುತ್ತಿತ್ತು. ಪತ್ರಿಕೆ ಓದದವರಿಗೂ ಅದರಲ್ಲಿ ಬಂದದ್ದು ಗೊತ್ತಿರುತ್ತಿತ್ತು. ಈಗ ಫಾರ್ವರ್ಡ್ ಅನ್ನುತ್ತೇವೆ, ಆಗ ಅದಕ್ಕೆ ಹೆಸರಿರಲಿಲ್ಲ.

ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ದೊಡ್ಡಪ್ಪ ದಿನಾ ರಾಜಕೀಯ ಮೆಸೇಜ್ ಹಾಕ್ತಾರೆ. ಅದರಿಂದ ಏನಾದರೂ ಆಗುತ್ತಾ?

ಮೆಸೇಜಿನ ಬಲ ಅದರಲ್ಲಿ ಬರೆದದ್ದರಲ್ಲಿಲ್ಲ, ಕಳಿಸಿದವರಲ್ಲಿದೆ. ಗುರುತಿಲ್ಲದವರು ಕಳಿಸಿದರೆ ಅಳಿಸುತ್ತೀರಿ. ನಿಮ್ಮ ಫೀಸು ಕಟ್ಟಿದ ದೊಡ್ಡಪ್ಪ ಕಳಿಸಿದರೆ ಅರ್ಧವಾದರೂ ಓದುತ್ತೀರಿ. ಪಕ್ಷಗಳು ಬೂತ್ ಮಟ್ಟದಲ್ಲಿ ವಾಟ್ಸಾಪ್ ಗ್ರೂಪ್ ಕಟ್ಟುವುದು ಇದನ್ನು ತಿಳಿದೇ.

2018ರ ಜುಲೈಯಲ್ಲಿ, ಮಕ್ಕಳ ಕಳ್ಳರ ವದಂತಿಯಿಂದ ದೇಶದ ಹಲವು ಕಡೆ ಅಮಾಯಕರ ಕೊಲೆಗಳಾದ ಮೇಲೆ, ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ನಕಲಿ ವಿಡಿಯೊ ಬಂದ ಮೇಲೆ, 2024ರಲ್ಲಿ ಆಯೋಗ ಪಕ್ಷಗಳಿಗೆ ಹೇಳಿತು: ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಿರಿ. ಪಕ್ಷದ ಖಾತೆಯಿಂದ ತೆಗೆಯಬಹುದು. ದೊಡ್ಡಪ್ಪನ ಮೊಬೈಲಿನಿಂದ ತೆಗೆಯುವವರು ಯಾರು?

ಸಿನಿಮಾದವರು ಪ್ರಚಾರಕ್ಕೆ ಬಂದ್ರೆ ಮತ ಬರುತ್ತಾ?

ಜನ ಬರುತ್ತಾರೆ, ಮತ ಬರುವುದು ಅನುಮಾನ. ಎಂಜಿಆರ್, ಎನ್‌ಟಿಆರ್ ಥರ ತೆರೆಯಿಂದ ನೇರವಾಗಿ ಮುಖ್ಯಮಂತ್ರಿ ಕುರ್ಚಿಗೆ ಬಂದವರು ಕರ್ನಾಟಕದಲ್ಲಿ ಇಲ್ಲ. ಬರಬಹುದಾಗಿದ್ದ ಒಬ್ಬರು, ರಾಜಕುಮಾರ್, ರಾಜಕೀಯದಿಂದ ದೂರವೇ ಉಳಿದರು.

ಹಾಗಾದರೆ ಮಂಡ್ಯ? ಅದನ್ನು ಬಿಡಿಸಿ ನೋಡಬೇಕು. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ 7 ಕ್ಷೇತ್ರಗಳೂ ಜೆಡಿಎಸ್‌ಗೆ. ಅದೇ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್ 3 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದಿತು. ಅದೇ ತಿಂಗಳು ಅಂಬರೀಷ್ ತೀರಿಕೊಂಡರು. 2019ರ ಏಪ್ರಿಲಿನಲ್ಲಿ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತು, ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಅಭ್ಯರ್ಥಿ, ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನು 1.25 ಲಕ್ಷ ಮತಗಳಿಂದ ಸೋಲಿಸಿದರು. ಕಣದಲ್ಲಿ ಸುಮಲತಾ ಎಂಬ ಹೆಸರಿನವರು ಇನ್ನೂ ಮೂವರಿದ್ದರು. ಆದರೂ ಜನ ಗುರುತು ಹಿಡಿದು ಹಾಕಿದರು.

ದರ್ಶನ್, ಯಶ್ ಬಂದದ್ದು ಜನ ಸೇರಿಸಿತು. ಆದರೆ ಅಂಬರೀಷ್ ಮಂಡ್ಯಕ್ಕೆ ಬರೀ ನಟರಾಗಿರಲಿಲ್ಲ, ಮನೆಯ ಮಗನಾಗಿದ್ದರು. ಬಿಜೆಪಿ ಬೆಂಬಲ ಕೊಟ್ಟಿತು, ಸ್ಥಳೀಯ ಕಾಂಗ್ರೆಸ್ಸಿನ ಹಲವರು ಮೈತ್ರಿಗೆ ಒಳಗೊಳಗೇ ಏಟು ಕೊಟ್ಟರು. 'ಒಂದೇ ಮನೆಯವರು ಎಷ್ಟು ಜನ?' ಎಂಬ ಸಿಟ್ಟಿತ್ತು. ಆ ಸಿಟ್ಟಿಗೆ ನಗುವ ರೂಪ ಕೊಟ್ಟದ್ದು ಹಳೆಯ ಸಿನಿಮಾ ಸಮಾರಂಭದ ಒಂದು ತುಣುಕು, 'ನಿಖಿಲ್ ಎಲ್ಲಿದ್ದೀಯಪ್ಪಾ'. ಸಣ್ಣ ಹುಡುಗರೂ ಹೇಳುತ್ತಿದ್ದರು. ಆ ಮಾತು ಮತ ತಂದಿತು ಅನ್ನಲಾರೆ. ಊರೆಲ್ಲ ನಗುತ್ತಿದ್ದಾಗ ಆ ಅಭ್ಯರ್ಥಿಯ ಪರ ಗಟ್ಟಿಯಾಗಿ ಮಾತಾಡುವುದು ಕಾರ್ಯಕರ್ತನಿಗೆ ಕಷ್ಟವಾಯಿತು ಅಂತ ಮಾತ್ರ ಹೇಳಬಲ್ಲೆ.

ಪೇಪರಿನಲ್ಲಿ ಬಂದದ್ದು ಸುದ್ದಿಯೋ ಜಾಹೀರಾತೋ ತಿಳಿಯೋದು ಹೇಗೆ?

ಒಂದೇ ಹೊಗಳಿಕೆ ಬೇರೆ ಬೇರೆ ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದರೆ ಅನುಮಾನ ಪಡಿ. ವರದಿಗಾರನ ಹೆಸರಿಲ್ಲ, ಎದುರಾಳಿಯ ಮಾತಿಲ್ಲ ಅಂದರೂ ಅಷ್ಟೆ. ಜಿಲ್ಲಾ ಮಟ್ಟದಲ್ಲಿ ಇದನ್ನು ನೋಡಲು ಆಯೋಗದ ಸಮಿತಿಗಳಿವೆ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಆಯೋಗ 2011ರಲ್ಲಿ ಅನರ್ಹಗೊಳಿಸಿತು. ಕಾಸಿಗಾಗಿ ಬಂದ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲ ಎಂಬುದು ಕಾರಣ. ಅಂಥ ಪ್ರಕರಣ ಬಹಳ ವಿರಳ.

ಸಮೀಕ್ಷೆ ನೋಡಿ ಜನ ಗೆಲ್ಲೋ ಕುದುರೆಗೇ ಹಾಕ್ತಾರಂತೆ?

ಕೆಲವರು ಹಾಗೆ ಮಾಡುತ್ತಾರೆ, ಇನ್ನು ಕೆಲವರು ಸೋಲುವವರ ಮೇಲೆ ಕನಿಕರಪಡುತ್ತಾರೆ. ಸಮೀಕ್ಷೆಯ ನಿಜವಾದ ಪರಿಣಾಮ ಮತದಾರನಿಗಿಂತ ದುಡ್ಡು ಕೊಡುವವರ ಮೇಲೆ, ಕಾರ್ಯಕರ್ತರ ಹುಮ್ಮಸ್ಸಿನ ಮೇಲೆ. ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಪ್ರಕಟಿಸುವಂತಿಲ್ಲ, ಹಾಗಾಗಿ ಅದು ಮತ ಬದಲಿಸಲಾರದು. 2024ರಲ್ಲಿ ಎನ್‌ಡಿಎಗೆ 350ಕ್ಕೂ ಮೇಲೆ ಎಂದು ಹಲವು ಸಮೀಕ್ಷೆಗಳು ಹೇಳಿದವು. ಬಂದದ್ದು 293.

## ತಲೆ ತಿನ್ನುವ ಪ್ರಶ್ನೆಗಳು

ವಿಧಾನಸಭೆಗೆ ಒಂದು ಪಕ್ಷ, ಲೋಕಸಭೆಗೆ ಇನ್ನೊಂದು. ನಮ್ಮ ಜನಕ್ಕೆ ಕನ್‌ಫ್ಯೂಷನ್ನಾ?

ಇಲ್ಲ. ಸ್ಪಷ್ಟತೆ ಜಾಸ್ತಿ! 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿ ಹತ್ಯೆಯ ನಂತರ, ಕಾಂಗ್ರೆಸ್ ಇಲ್ಲಿ 28ರಲ್ಲಿ 24 ಗೆದ್ದಿತು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. ಮೂರು ತಿಂಗಳೂ ಆಗಿರಲಿಲ್ಲ.

ಅದು ಬೇರೆ ಬೇರೆ ದಿನ ಅನ್ನಬಹುದು. 2004ರಲ್ಲಿ ಎರಡೂ ಚುನಾವಣೆ ಒಟ್ಟಿಗೆ ನಡೆದವು. ಬಿಜೆಪಿಗೆ ಲೋಕಸಭೆಯ 28ರಲ್ಲಿ 18 ಬಂತು, ವಿಧಾನಸಭೆಯಲ್ಲಿ 79 ಮಾತ್ರ. ಒಂದೇ ಸಾಲಿನಲ್ಲಿ ನಿಂತು ಎರಡು ಯಂತ್ರದಲ್ಲಿ ಬೇರೆ ಬೇರೆ ಗುಂಡಿ ಒತ್ತಿದವರು ಬಹಳಷ್ಟು ಜನ. ಎರಡೂ ಸಲ ಮತದಾರನ ಜಾತಿ ಅದೇ, ನೋಡಿದ ಟಿವಿ ಅದೇ. ಬದಲಾದದ್ದು ಪ್ರಶ್ನೆ. 'ದೆಹಲಿಗೆ ಯಾರು?' ಮತ್ತು 'ನಮ್ಮ ಕೆಲಸಕ್ಕೆ ಯಾರು?'

2023ರಲ್ಲಿ ಬಿಜೆಪಿ ವಿರುದ್ಧ ಅಲೆ ಎದ್ದಿತ್ತು, ಅದರ ಮತದಾರರೇ ಕೈಬಿಟ್ಟರು ಅಂತ ಟಿವಿಯಲ್ಲಿ ಹೇಳಿದ್ರು. ಹೌದಾ?

ಸ್ಥಾನ ನೋಡಿದರೆ ಹಾಗೇ ಕಾಣುತ್ತದೆ, 104ರಿಂದ 66. ಮತ ನೋಡಿ. 2018ರಲ್ಲಿ ಬಿಜೆಪಿಗೆ ಶೇ 36.3, 2023ರಲ್ಲಿ ಶೇ 36. ಅಲುಗಾಡಿದ್ದೇ ಇಲ್ಲ ಅನ್ನಬಹುದು. ಜೆಡಿಎಸ್ ಶೇ 18.3ರಿಂದ 13.3ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 38.1ರಿಂದ ಸುಮಾರು 43ಕ್ಕೆ ಏರಿತು, 135 ಸ್ಥಾನ ಬಂತು. ಮಂಡ್ಯ ಜಿಲ್ಲೆಯಲ್ಲಿ 7ಕ್ಕೆ 7 ಗೆದ್ದಿದ್ದ ಜೆಡಿಎಸ್ಸಿಗೆ ಉಳಿದದ್ದು 1.

ಒಟ್ಟು ಲೆಕ್ಕದ ಒಳಗೆ ಕೆಲವರು ಅಲ್ಲಿಂದ ಇಲ್ಲಿಗೆ, ಕೆಲವರು ಇಲ್ಲಿಂದ ಅಲ್ಲಿಗೆ ಹೋಗಿರುತ್ತಾರೆ. ಬಿಜೆಪಿ ಕೆಲವು ಕಡೆ ಕಳೆದುಕೊಂಡು ಹಳೇ ಮೈಸೂರಿನ ಕಡೆ ಗಳಿಸಿತು. ಆದರೂ 'ಅಲೆ' ಎಂಬ ಒಂದು ಪದದಲ್ಲಿ ಇದೆಲ್ಲ ಮುಳುಗಿಹೋಯಿತು. 2018ರಲ್ಲಂತೂ ಹೆಚ್ಚು ಮತ ಪಡೆದ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಕಡಿಮೆ ಸ್ಥಾನ ಬಂದಿತ್ತು. ಆಗ 'ಜನ ತಿರಸ್ಕರಿಸಿದರು' ಅಂದದ್ದೂ ಇದೇ ಚಾನೆಲ್‌ಗಳು.

ವೀರೇಂದ್ರ ಪಾಟೀಲರನ್ನ ಇಳಿಸಿದ್ದಕ್ಕೇ ಲಿಂಗಾಯತರು ಕಾಂಗ್ರೆಸ್ ಬಿಟ್ಟರಾ?

1989ರಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ. 1990ರಲ್ಲಿ ಅನಾರೋಗ್ಯದಲ್ಲಿದ್ದ ಲಿಂಗಾಯತ ಮುಖ್ಯಮಂತ್ರಿ ಪಾಟೀಲರ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಘೋಷಿಸಿದರು. 1994ರಲ್ಲಿ 34. ಕಥೆ ಅಚ್ಚುಕಟ್ಟಾಗಿದೆ, ಅದಕ್ಕೇ ಎಚ್ಚರ ಬೇಕು. ನಡುವೆ ಇಬ್ಬರು ಮುಖ್ಯಮಂತ್ರಿಗಳು ಬಂದರು, ಬಂಗಾರಪ್ಪ ಹೊರಹೋಗಿ ಬೇರೆ ಪಕ್ಷ ಕಟ್ಟಿದರು. ಅಷ್ಟರಲ್ಲಿ ಬಿಜೆಪಿ ಬೆಳೆಯಿತು, ಯಡಿಯೂರಪ್ಪ ಮುಂದೆ ಬಂದರು. ಆ ಅವಮಾನ ನಿಜ. ಆದರೆ ಮೂವತ್ತು ವರ್ಷ ಅದು ಬದುಕಿದ್ದು ಪ್ರತಿ ಚುನಾವಣೆಯಲ್ಲೂ ಯಾರೋ ಒಬ್ಬರು ಅದನ್ನು ನೆನಪಿಸಿದ್ದರಿಂದ. 2007ರಲ್ಲಿ ಕುಮಾರಸ್ವಾಮಿ ಒಪ್ಪಂದದಂತೆ ಬಿಜೆಪಿಗೆ ಅಧಿಕಾರ ಬಿಟ್ಟುಕೊಡದಿದ್ದಾಗ 'ವಚನಭ್ರಷ್ಟತೆ' ಎಂಬ ಮಾತು ಹೀಗೇ ಮನೆಮನೆಗೆ ಹೋಯಿತು. ಮರುವರ್ಷ ಬಿಜೆಪಿಗೆ 110 ಸ್ಥಾನ.

ಧರ್ಮ, ಭಾಷೆ ಇವೆಲ್ಲ ಜಾತಿಯನ್ನ ಮೀರುತ್ತವಾ?

ಕೆಲವು ಕಡೆ, ಕೆಲವು ಕಾಲ. 2018ರಲ್ಲಿ ದಕ್ಷಿಣ ಕನ್ನಡ, ಉಡುಪಿಯ 13ರಲ್ಲಿ 12 ಬಿಜೆಪಿಗೆ. ಬಂಟ, ಬಿಲ್ಲವ, ಮೊಗವೀರ ಎಂಬ ಗೆರೆಗಳು ಅಳಿಸಿದಂತೆ ಕಂಡವು. ಆದರೆ 2023ರಲ್ಲಿ ಪುತ್ತೂರಿನಲ್ಲಿ ಬಿಜೆಪಿ ಟಿಕೆಟ್ ಸಿಗದ ಹಿಂದುತ್ವ ಕಾರ್ಯಕರ್ತ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು ಎರಡನೆಯವರಾದರು, ಗೆದ್ದದ್ದು ಕಾಂಗ್ರೆಸ್. ಸಿದ್ಧಾಂತ ಒಂದೇ ಆದರೂ ಕಾರ್ಯಕರ್ತರ ಮುನಿಸು ಬೇರೆ ಲೆಕ್ಕ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆಂಬಲದಿಂದ 2013ರಲ್ಲಿ ಇಬ್ಬರು ಗೆದ್ದಿದ್ದರು. 2018, 2023ರಲ್ಲಿ ಒಬ್ಬರೂ ಇಲ್ಲ. ಮರಾಠಿ ಮಾತಾಡುವವರು ಅಲ್ಲೇ ಇದ್ದಾರೆ, ಮತ ಬೇರೆ ಕಡೆ ಹೋಗಿದೆ.

ನಾನು ವಿದೇಶದಲ್ಲಿದ್ದೀನಿ. ಅಲ್ಲಿಂದ ಮತ ಹಾಕೋಕಾಗುತ್ತಾ?

ಭಾರತದ ಪೌರತ್ವ ಇದ್ದರೆ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು. ಆದರೆ ಹಾಕಲು ನಿಮ್ಮೂರಿನ ಬೂತಿಗೇ ಬರಬೇಕು. ಹೆಚ್ಚಿನವರು ಬರುವುದಿಲ್ಲ, ಫೋನ್ ಮಾಡುತ್ತಾರೆ. ಮನೆಗೆ ದುಡ್ಡು ಕಳಿಸುವ ಮಗನ ಫೋನು ಹತ್ತು ಭಾಷಣಕ್ಕೆ ಸಮ.

ಜನ ಯಾಕೆ ಹಾಗೆ ಮತ ಹಾಕಿದರು ಅಂತ ಗೊತ್ತಾಗೋದಾದರೂ ಹೇಗೆ? ಕೇಳಿದರೆ ನಿಜ ಹೇಳ್ತಾರಾ?

ಪೂರ್ತಿ ಹೇಳುವುದಿಲ್ಲ. ಅದಕ್ಕೇ ಲೋಕನೀತಿಯಂಥ ಸಂಸ್ಥೆಯವರು ಮತದಾನದ ನಂತರದ ಸಮೀಕ್ಷೆಯಲ್ಲಿ ಬಾಯಿ ಬಿಟ್ಟು ಹೇಳಿಸುವ ಬದಲು ಒಂದು ನಕಲಿ ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸುತ್ತಾರೆ. ಆಗಲೂ ಗೆದ್ದವರಿಗೆ ಹಾಕಿದೆ ಅನ್ನುವವರ ಸಂಖ್ಯೆ ನಿಜಕ್ಕಿಂತ ಸ್ವಲ್ಪ ಹೆಚ್ಚು ಬರುವುದುಂಟು. ಕಾರಣ ಕೇಳಿದರೆ 'ಅಭಿವೃದ್ಧಿ' ಅನ್ನುವವರೇ ಎಲ್ಲ. 'ನಮ್ಮೋರು' ಅನ್ನುವವರು ಕಡಿಮೆ.

ನನ್ನ ಸೋದರತ್ತೆಯನ್ನು ಒಮ್ಮೆ ಫಲಿತಾಂಶದ ದಿನ ಕೇಳಿದೆ. ಟಿವಿಯಲ್ಲಿ ಒಬ್ಬರು ಮುನ್ನಡೆಯಲ್ಲಿದ್ದರು. 'ಇವರಿಗೇ ಕಣೋ ಹಾಕಿದ್ದು' ಅಂದರು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಿರುಗಿತು. ಮತ್ತೆ ಕೇಳಿದೆ. 'ಎರಡು ಹೊತ್ತೂ ಅದನ್ನೇ ಕೇಳ್ತೀಯಲ್ಲ, ಊಟಕ್ಕೆ ಏಳು' ಅಂದರು.